ಅವ್ವನ ಮಾತು ಉಳಿಸಿದ ಫೈಲು

ಶಹಾಪುರದ ಶಾಲೆಯಲ್ಲಿ ದಿನವಿಡೀ ಕನ್ನಡ ಪಾಠ ಹೇಳಿ ಗಂಟಲು ಒಣಗಿಸಿಕೊಂಡು ಬಂದವಳು, ಸಂಜೆ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದೆ. ಬೋನಾಳದ ನಮ್ಮ ಹೊಲಕ್ಕೆ ಮೊದಲ ಸಲ ಕಾಲುವೆ ನೀರು ಬಂದ ದಿನದ ಸುದ್ದಿಯನ್ನು ಅವ್ವ ಹೇಳಿದ್ದಳು, ನಾನು ಮೊಬೈಲಿನಲ್ಲಿ ಹಿಡಿದಿದ್ದೆ. ತರಬೇತಿಗೆ ಬರುವ ಬೇರೆ ಜಿಲ್ಲೆಯ ಶಿಕ್ಷಕರಿಗೆ ಅದನ್ನು ತೋರಿಸಬೇಕಿತ್ತು. ಅವರಿಗೆ ನಮ್ಮ ಮಾತು ತಿಳಿಯಲಿ ಎಂದು ಕೆಳಗೆ ಸಬ್‌ಟೈಟಲ್ ಕೂರಿಸುತ್ತಿದ್ದೆ.

ತಿದ್ದುವ ರೋಗ ಶಾಲೆಯ ಗೇಟಿನಲ್ಲಿ ಬಿಟ್ಟು ಬರುವಂಥದ್ದಲ್ಲ. ಅವ್ವ ‘ನೀರ ಬಂದಾವ’ ಅಂದರೆ ನಾನು ‘ನೀರು ಬಂದಿದೆ’ ಎಂದು ಟೈಪಿಸಿದೆ. ನಮ್ಮ ಕಡೆ ನೀರು ಯಾವತ್ತೂ ಬಹುವಚನ. ಮಕ್ಕಳ ನೋಟುಬುಕ್ಕಿನಲ್ಲಿ ಅದಕ್ಕೆ ಕೆಂಪು ಗೆರೆ ಎಳೆದೆಳೆದು ಕೈ ಅದಕ್ಕೇ ಒಗ್ಗಿಹೋಗಿತ್ತು.

ಕೆಲಸ ಮುಗಿದಾಗಲೆಲ್ಲ ‘ಉಳಿಸು’ ಒತ್ತುತ್ತಿದ್ದೆ. ಸಬ್‌ಟೈಟಲಿನ ಆ ಪ್ರಾಜೆಕ್ಟ್ ಫೈಲ್ ಉಳಿಯಿತು ಎಂದರೆ ವಿಡಿಯೊ ಸಮೇತ ಎಲ್ಲವೂ ಉಳಿಯಿತು ಎಂದೇ ನನ್ನ ತಿಳಿವಳಿಕೆ. ಜಾಗ ಸಾಲದಾದಾಗ ವಿಡಿಯೊವನ್ನು ಮೊಬೈಲಿನಿಂದಲೂ ಲ್ಯಾಪ್‌ಟಾಪಿನಿಂದಲೂ ಅಳಿಸಿಬಿಟ್ಟೆ. ಆ ವರ್ಷವೇ ಅವ್ವ ತೀರಿಕೊಂಡಳು.

ಸುರಪುರದಿಂದ ಅಕ್ಕ ಫೋನ್ ಮಾಡಿದಳು. “ಅವ್ವನ ದನಿ ನಿನ್ನ ಹತ್ರ ಅದ ಅಲ್ಲ? ಕಳಸು ತಂಗಿ, ಒಮ್ಮೆ ಕೇಳಬೇಕಾಗ್ಯಾದ.”

ಫೈಲ್ ತೆರೆದರೆ ‘ವಿಡಿಯೊ ಸಿಗಲಿಲ್ಲ’ ಎಂದು ಬಂತು. ನಾನು ಬರೆದ ವಾಕ್ಯಗಳಿದ್ದವು, ಯಾವ ವಾಕ್ಯ ಎಷ್ಟನೇ ಸೆಕೆಂಡಿಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಎಂಬುದಿತ್ತು, ವಿಡಿಯೊ ಇದ್ದ ಜಾಗದ ವಿಳಾಸವಿತ್ತು. ಮನೆ ಕೆಡವಿ ಮನೆ ನಂಬರು ಕಾಯ್ದಿಟ್ಟಂತೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅಕ್ಕನಿಗೆ ಅಳುತ್ತಲೇ ಹೇಳಿದೆ.

“ಅಳಬ್ಯಾಡ ಸುಮ್ಮನಿರು. ಬರ್ದಿಟ್ಟೀಯಲ್ಲ, ಅದನ್ನೇ ಓದು, ಕೇಳ್ತೀನಿ.”

ಓದಿದೆ: “ಕಾಲುವೆಗೆ ನೀರು ಬಂದಿದೆ ಎಂದು ಎಲ್ಲರೂ ಓಡಿದರು.”

ಅಕ್ಕ, “ಇಕಿ ಯಾರು? ನಮ್ಮವ್ವ ಯಾವಾಗ ಹಿಂಗ ಮಾತಾಡ್ಯಾಳ?” ಅಂದಳು.

ಈಗ ಸಂಜೆ ಕೂತು ನಾನು ತಿದ್ದಿದ್ದನ್ನು ನಾನೇ ಕೆಡಿಸುತ್ತಿದ್ದೇನೆ. ‘ಬಂದಿದೆ’ಯನ್ನು ‘ಬಂದಾವ’ ಮಾಡಿದೆ. ಎಷ್ಟೋ ಮಾತು ನೆನಪಾಗುವುದಿಲ್ಲ, ಸಾಕಾಗಿ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ನೀರು ಬಂದ ಆ ವಾಕ್ಯಕ್ಕೂ ಮುಂದಿನದಕ್ಕೂ ನಡುವೆ ನಾಲ್ಕು ಸೆಕೆಂಡು ಖಾಲಿ ಇದೆ. ಅಲ್ಲಿ ಅವ್ವ ನಕ್ಕಳೋ, ಕೆಮ್ಮಿದಳೋ ಗೊತ್ತಿಲ್ಲ. ಮಾತಲ್ಲವೆಂದು ಆಗ ಬರೆದುಕೊಳ್ಳಲಿಲ್ಲ.