ಪ್ಯಾನೆಲ್ ಮೇಲಿನ ವಿಭೂತಿ

ಮೊದಲು ಒಂದು ಕೆಮ್ಮು, ಆಮೇಲೆ ಇನ್ನೆರಡು, ಆಮೇಲೆ ನಿಲ್ಲದ ಡುಬುಡುಬು. ತಮಿಳುನಾಡಿನ ಗಡಿಯೊಳಗೆ, ಸೂಳಗಿರಿ ಹತ್ತಿರದ ನಮ್ಮ ತೋಟದಲ್ಲಿ ಬೆಳಗಾಗುತ್ತಿದ್ದದ್ದು ಆ ಡೀಸೆಲ್ ಇಂಜಿನ್ನಿನ ಸದ್ದಿಗೆ. ಹಾಸ್ಟೆಲ್ಲಿನಲ್ಲಿ ಸಿಸ್ಟರ್ ಬಾರಿಸುವ ಪ್ರೇಯರ್ ಬೆಲ್ಲಿಗೆ ಏಳುತ್ತಿದ್ದ ನನಗೆ ಮದುವೆಯಾಗಿ ಬಂದ ಮೇಲೆ ಅದೇ ಬೆಲ್ಲಾಯಿತು. ಬಾವಿಯ ನೀರು ಮೇಲೆ ಬರಬೇಕಾದರೆ ಅದು ಕೆಮ್ಮಬೇಕು, ಅದು ಕೆಮ್ಮಬೇಕಾದರೆ ನನ್ನ ಮೈದುನ ಹ್ಯಾಂಡಲ್ ತಿರುಗಿಸಬೇಕು. ಬೇರೆ ಯಾರು ತಿರುಗಿಸಿದರೂ ಅದು ಏಳುತ್ತಿರಲಿಲ್ಲ. ಫ್ರೀ ಕರೆಂಟ್ ಲೈನಿಗೆ ಅರ್ಜಿ ಹಾಕಿ ಎಷ್ಟೋ ವರ್ಷವಾಗಿತ್ತು. ಅರ್ಜಿ ಆಫೀಸಿನಲ್ಲಿ ಹಾಯಾಗಿತ್ತು, ನಾವು ಡೀಸೆಲ್ ಕ್ಯಾನ್ ಹಿಡಿದು ಬಂಕಿಗೆ ಓಡಾಡುತ್ತಿದ್ದೆವು.

ಯಜಮಾನರು ತೀರಿಕೊಂಡ ಮೇಲೂ ನಾನು ತೋಟ ಬಿಟ್ಟು ಹೋಗಲಿಲ್ಲ. ಮೈದುನ, ಅವನ ಹೆಂಡತಿ, ನಾನು, ಮೂವರದೇ ಸಂಸಾರ. ಬೆಳಿಗ್ಗೆ ಕಾಫಿ ಜೊತೆ ಇಂಗ್ಲಿಷ್ ಪೇಪರ್ ಓದಿ ಅವನಿಗೆ ಕನ್ನಡದಲ್ಲಿ ಹೇಳುವುದು ನನ್ನ ಡ್ಯೂಟಿ. ನಮ್ಮ ದೇಶ ಎಣ್ಣೆಗಾಗಿ ಹೊರದೇಶಗಳ ಮುಖ ನೋಡಬೇಕಾದ ವಿಷಯ ಬಂದಾಗಲೆಲ್ಲ ಅವನು ಲೋಟ ಕೆಳಗಿಡುತ್ತಿದ್ದ.

"ಅಲ್ಲೆಲ್ಲೋ ಸಮುದ್ರದಾಗೆ ಹಡಗು ನಿಂತ್ರೆ ಇಲ್ಲಿ ನನ್ ಟೊಮೇಟೊ ಬಾಡ್ಬೇಕಾ ಅತ್ತಿಗೆ? ಇದ್ಯಾವ್ ಸೀಮೆ ನ್ಯಾಯ?"

"ಅದಕ್ಕೇ ಸೋಲಾರ್ ಹಾಕಿಸು ಅಂದಿದ್ದು ಕಣಪ್ಪ. ಸೂರ್ಯ ಯಾವ ದೇಶದಿಂದಲೂ ಇಂಪೋರ್ಟ್ ಆಗಲ್ಲ."

"ಮೋಡ ಬಂದ್ರೆ? ಆಗ ನಿಮ್ ಇಂಗ್ಲಿಷ್ ಪೇಪರ್ ನೀರು ಎತ್ತತದಾ?"

ಒಂದು ದಿನ ಹ್ಯಾಂಡಲ್ ತಿರುಗಿಸುವಾಗಲೇ ಅವನು ಎದೆ ಹಿಡಿದುಕೊಂಡು ಕುಸಿದ. ಹೊಸೂರಿನ ಡಾಕ್ಟರು ಇನ್ನು ಮೇಲೆ ಆ ಇಂಜಿನ್ ಮುಟ್ಟಲೇಬಾರದು, ಮುಟ್ಟಿದರೆ ತಾವು ಜವಾಬ್ದಾರರಲ್ಲ ಎಂದರು. ಆಗ ನಾವಿಬ್ಬರು ಹೆಂಗಸರು ಅವನ ಮಾತು ಕೇಳದೆ, ಸರ್ಕಾರದ ಸಬ್ಸಿಡಿಗೆ ಓಡಾಡಿ ಸೋಲಾರ್ ಪಂಪ್ ಹಾಕಿಸಿದೆವು. ಮ್ಯಾನ್ಯುಯಲ್ ಓದಿ ಹೇಳಿದವಳು ನಾನೇ. ಆದರೆ ಅವನು ಹಳೆಯ ಇಂಜಿನ್ ಮಾರಲು ಬಿಡಲಿಲ್ಲ. "ಈ ಸೋಲಾರ್ ಎಂದಾದ್ರೂ ಕೈ ಕೊಡ್ತದೆ, ಆಗ ನನ್ನೇ ಕರೀತೀರ" ಎಂದು ಒಂದು ಕ್ಯಾನ್ ಡೀಸೆಲ್ ಶೆಡ್ಡಿನಲ್ಲೇ ಇಟ್ಟುಕೊಂಡ.

ಹೊಸ ಪಂಪಿಗೆ ಮೊದಲ ಆಯುಧಪೂಜೆ ಬಂತು. ಟ್ರ್ಯಾಕ್ಟರ್, ಸ್ಪ್ರೇಯರ್, ಗುದ್ದಲಿ, ಎಲ್ಲಕ್ಕೂ ವಿಭೂತಿ ಕುಂಕುಮ ಇಡುವಾಗ ಪ್ಯಾನೆಲ್ಲುಗಳನ್ನು ಬಿಡಲಾಗುತ್ತದೆಯೇ? ಸೋಪು ಹಾಕಿ ತೊಳೆದೆವು. ಒಂದೊಂದು ಪ್ಯಾನೆಲ್ಲಿಗೂ ಮೂರು ಬೆರಳಲ್ಲಿ ಅಗಲವಾಗಿ ವಿಭೂತಿ ಎಳೆದು, ನಡುವೆ ಗಂಧ, ಅದರ ಮೇಲೆ ಕುಂಕುಮ, ಸುತ್ತ ಸೇವಂತಿಗೆ ಹಾರ. ಡ್ರಾಯಿಂಗಿನಲ್ಲಿ ಪ್ರೈಜ್ ತೆಗೆದುಕೊಂಡವಳು ನಾನು, ಸ್ಕೇಲ್ ಇಟ್ಟ ಹಾಗೆ ಎಳೆದೆ. ಓರಗಿತ್ತಿ ದೂರ ನಿಂತು, "ಅಕ್ಕ, ಮದ್ವಣಿಗ ಕುಂತಂಗೆ ಐತೆ" ಎಂದಳು. ಆ ದಿನ ಪಂಪ್ ಹಾಕಲಿಲ್ಲ.

ಮಾರನೆಯ ದಿನ ಸುಡು ಬಿಸಿಲು. ಸ್ವಿಚ್ ಹಾಕಿದರೆ ಪೈಪಿನಲ್ಲಿ ನೀರು ಬೆರಳ ಗಾತ್ರ ಬಂತು, ನಿಂತಿತು, ಮತ್ತೆ ಬಂತು. ಕೂಲಿಯವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದರು. ಹೊಸದಾಗಿ ನಾಟಿ ಮಾಡಿದ ಟೊಮೇಟೊ ಸಸಿ ತಲೆ ಬಗ್ಗಿಸಲು ಶುರುಮಾಡಿತ್ತು. ಮೈದುನ ಟವಲ್ ತಲೆಗೆ ಸುತ್ತಿಕೊಂಡು ಶೆಡ್ಡಿನ ಕಡೆ ನಡೆದ.

"ಬ್ಯಾಡ ಅಂದ್ರೆ ಬ್ಯಾಡ! ಗಿಡ ಹೋದ್ರೆ ಹೋಗ್ಲಿ!" ಓರಗಿತ್ತಿ ಹಿಂದೆಯೇ ಓಡಿದಳು.

"ಮೂರು ಸುತ್ತು ತಿರುಗ್ಸಿದ್ರೆ ಎದ್ಬುಡ್ತದೆ, ಸುಮ್ಕಿರು."

"ಅದು ಏಳ್ತದೆ. ನೀನು ಬಿದ್ದೋದ್ರೆ ಎಬ್ಬಿಸೋರ್ ಯಾರು?"

ನಾನು ಪಂಪ್ ಕಂಪನಿಯ ಹುಡುಗಿಗೆ ಫೋನ್ ಮಾಡಿದೆ. ಅವಳು ತಮಿಳಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಪ್ಯಾನೆಲ್ ಮೇಲೆ ಏದಾವದು ನಿಳಲ್ ವಿಳುದಾ?" ನೆರಳು ಎಲ್ಲಿಯದು, ಹತ್ತಿರ ಒಂದು ಮರವೂ ಇಲ್ಲ ಎನ್ನಲು ಬಾಯಿ ತೆರೆದೆ. ಎದುರಿಗೆ ನನ್ನದೇ ವಿಭೂತಿ ಪಟ್ಟೆಗಳು ಒಣಗಿ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಓ ಮೈ ಗಾಡ್. ಗಾಜಿನ ಮೇಲೆ ಏನೂ ಅಂಟಿರಬಾರದು ಎಂಬ ಸಾಲನ್ನು ಇವರಿಗೆ ಓದಿ ಹೇಳಿದ್ದು ಇದೇ ಬಾಯಿ! ಹಕ್ಕಿ ಹಿಕ್ಕೆ, ಧೂಳು ಎಂದುಕೊಂಡಿದ್ದೆನೇ ಹೊರತು ದೇವರ ವಿಭೂತಿಯೂ ಆ ಲೆಕ್ಕಕ್ಕೆ ಬರುತ್ತದೆಂದು ತಲೆಗೆ ಹೊಳೆದಿರಲಿಲ್ಲ.

ಬಿಂದಿಗೆ ನೀರು ಎತ್ತಿಕೊಂಡು ಹೋಗಿ ಸೆರಗಿನಲ್ಲೇ ಉಜ್ಜತೊಡಗಿದೆ. ಅದನ್ನು ನೋಡಿ ಓರಗಿತ್ತಿ ಶೆಡ್ಡಿನ ಬಾಗಿಲಿಂದಲೇ ಕಿರುಚಿದಳು, "ಅಕ್ಕಾ, ಹಬ್ಬದ್ ಕುಂಕುಮ ಯಾರಾದ್ರೂ ಒರಸ್ತಾರಾ? ಅವ್ನ್ ಪ್ರಾಣಕ್ಕೆ ಮೊದ್ಲೇ ಗಂಡಾಂತರ ಐತೆ!"

"ಅವನ ಪ್ರಾಣಕ್ಕೇ ಒರೆಸ್ತಿರೋದು ಕಣೇ! ಪಾಪ ಬಂದ್ರೆ ನನಗೆ ಬರಲಿ. ನೀನು ಹಾರ ಕೀಳು ಬಾ!"

ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಓಡಿ ಬಂದು, ಕಣ್ಣು ಮುಚ್ಚಿಕೊಂಡು ದೇವರಿಗೆ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು, ಹಾರಗಳನ್ನು ಸರಸರ ಕಿತ್ತಳು. ಮೂರನೆಯ ಪ್ಯಾನೆಲ್ ಒರೆಸುವಾಗ ಪೈಪು ಗೊಳಕ್ ಎಂದಿತು. ಕೊನೆಯದಕ್ಕೆ ಬರುವಷ್ಟರಲ್ಲಿ ನೀರು ತೊಟ್ಟಿಗೆ ದಪ್ಪಗೆ ಬೀಳುತ್ತಿತ್ತು.

ಶೆಡ್ಡಿಗೆ ಓಡಿದೆವು. ಮೈದುನ ಹ್ಯಾಂಡಲ್ ತೂರಿಸಿ, ಬಗ್ಗಿ, ಎರಡೂ ಕೈ ಊರಿ ನಿಂತಿದ್ದ. ತಿರುಗಿಸಿರಲಿಲ್ಲ. ನೀರಿನ ಸದ್ದು ಕೇಳುತ್ತಾ ಹಾಗೇ ನಿಂತುಬಿಟ್ಟಿದ್ದನಂತೆ. ಮೆಲ್ಲಗೆ ಕೈ ತೆಗೆದು, ಟವಲಿನಲ್ಲಿ ಮುಖ ಒರೆಸಿಕೊಂಡು ನನ್ನ ಸೆರಗು ನೋಡಿದ.

"ಏನ್ ಅತ್ತಿಗೆ, ಕಾನ್ವೆಂಟ್ನಾಗೆ ಇದ್ನೇನಾ ಕಲ್ಸಿದ್ದು? ಸೂರ್ಯನ್ ಕಣ್ಣಿಗೇ ವಿಭೂತಿ ಬಳ್ಯೋದು?"

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಓರಗಿತ್ತಿ ಮಾತ್ರ ಅಲ್ಲೇ ನೆಲದ ಮೇಲೆ ಕುಳಿತು ಗಂಡನನ್ನು ಬಾಯಿಗೆ ಬಂದ ಹಾಗೆ ಬೈದಳು. ಅಷ್ಟು ಹಿತವಾದ ಬೈಗುಳವನ್ನು ನಾನು ಕೇಳಿಲ್ಲ. ಆ ವಾರವೇ ಇಂಜಿನ್ ಗುಜರಿಗೆ ಹೋಯಿತು, ಕಳಿಸಿದವನು ಅವನೇ. ಈಗ ಆಯುಧಪೂಜೆಗೆ ಕುಂಕುಮ ಇಡುವುದು ಪ್ಯಾನೆಲ್ ಹೊತ್ತ ಕಬ್ಬಿಣದ ಕಾಲುಗಳಿಗೆ.

ಆಮೇಲೆ ಎರಡು ವರ್ಷ ಅವನು ತೋಟದಲ್ಲಿ ಕೈಬೀಸಿಕೊಂಡು ಓಡಾಡಿದ. ದಿನಾ ಬೆಳಿಗ್ಗೆ ನೀರು ಎತ್ತಬೇಕಿದ್ದ ಅವನು ಹರೆಯದಿಂದಲೂ ಒಂದು ರಾತ್ರಿಯೂ ನೆಂಟರ ಮನೆಯಲ್ಲಿ ತಂಗಿದವನಲ್ಲ. ಡೆಂಕಣಿಕೋಟೆಯಲ್ಲಿದ್ದ ಅವನ ಅಕ್ಕ ಕರೆದು ಕರೆದು ಬೇಸತ್ತು ಸುಮ್ಮನಾಗಿದ್ದಳು. ಒಂದು ದಿನ ತಾನಾಗಿಯೇ, "ಅಕ್ಕನ್ ಮನ್ಯಾಗೆ ಒಂದ್ ವಾರ ಇದ್ ಬತ್ತೀನಿ" ಎಂದ. ಅಲ್ಲೇ ಐದನೆಯ ದಿನ, ಅಕ್ಕ ಬಡಿಸಿದ ಮುದ್ದೆ ಉಂಡು ಮಲಗಿದವನು ನಿದ್ದೆಯಲ್ಲೇ ಹೋದ. ನೋವಿಲ್ಲದೆ ಹೋದ ಎಂದು ಅವಳು ಹೇಳಿದಾಗ ಅಳುವಿನ ನಡುವೆಯೂ ನನ್ನ ಎದೆ ಹಗುರವಾಯಿತು.

ಜೀವಂತವಾಗಿ ಅವನನ್ನು ನಾನು ಕೊನೆಯ ಸಲ ನೋಡಿದ್ದು, ಅಕ್ಕನ ಮನೆಗೆ ಹೊರಟ ದಿನ, ಸೂಳಗಿರಿಯ ಬಸ್ ಸ್ಟಾಪಿನಲ್ಲಿ. ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ಅವರೆಕಾಯಿ ಚೀಲ. ಹೊಸೂರಿನ ಬಸ್ಸು ಬಂತು, ಅಲ್ಲಿಂದ ಡೆಂಕಣಿಕೋಟೆಗೆ ಇನ್ನೊಂದು ಬಸ್ಸು. ಕಿಟಕಿ ಪಕ್ಕ ಸೀಟು ಸಿಕ್ಕಿತು. ನಾನು ಕೈ ಎತ್ತಿದೆ, ಅವನು ನೋಡಲಿಲ್ಲ. ಆಗಲೇ ಪಕ್ಕದ ಸೀಟಿನವನ ಕಡೆ ತಿರುಗಿ, ಏನನ್ನೋ ಜೋರಾಗಿ ಹೇಳಿ ನಗುತ್ತಿದ್ದ.