ಸುರಂಗದೊಳಗೆ ಹೋದ ಅಪ್ಪನ ಕಾರು

ಅಪ್ಪನ ಕಾರು ಸುರಂಗದೊಳಗೆ ಹೋಗಿದ್ದು ಕಂಡಿತು. ಹೊರಗೆ ಬರಲಿಲ್ಲ.

"ಮತ್ತೆ ಗುದ್ಬುಟ್ನಾ?" ಅಂತ ಅಪ್ಪ ಸೋಫಾದ ತುದಿಗೆ ಸರಿದು ಕೇಳಿದರು. ಟಿವಿ ತುಂಬ ಕತ್ತಲು. ಆ ಕತ್ತಲಲ್ಲೆಲ್ಲೋ ಕಾರು ಗೋಡೆಗೆ ಮೂತಿ ಉಜ್ಜುತ್ತಿದ್ದ ಸದ್ದು ಮಾತ್ರ ಬರುತ್ತಿತ್ತು.

ಗಾಬರಿಯಾಗಬೇಡಿ, ಇದು ವಿಡಿಯೋ ಗೇಮ್. ಚಿಕ್ಕಮ್ಮನ ಮಗನಿಗೆ ಪರೀಕ್ಷೆ ಹತ್ತಿರ ಬಂದಿದೆ. ಅವನ ಗೇಮ್ ಕನ್ಸೋಲನ್ನು ವೈರು ಸಮೇತ ಬ್ಯಾಗಿಗೆ ತುಂಬಿ ಚಿಕ್ಕಮ್ಮ ಹಿನಕಲ್‌ನ ನಮ್ಮ ಮನೆಗೆ ತಂದಿಟ್ಟು ಹೋದರು. "ನಿಮ್ಮನೇಲಾದ್ರೆ ಯಾರೂ ಮುಟ್ಟಲ್ಲ" ಅಂದರು. ಪಾಪ.

ಮಂಡಿ ಮೊಹಲ್ಲಾದಲ್ಲಿ ಅಪ್ಪನದು ಹಗ್ಗ, ಗೋಣಿಚೀಲದ ಅಂಗಡಿ. ಲಾರಿ, ತಳ್ಳುಗಾಡಿ, ಹಸುಗಳ ನಡುವೆ ಕಾಲು ನೆಲಕ್ಕೆ ತಾಗಿಸದೆ ಸ್ಕೂಟರ್ ಓಡಿಸಿಕೊಂಡು ಅಂಗಡಿ ಮುಟ್ಟುವುದು ಅವರ ಹೆಮ್ಮೆಯಾಗಿತ್ತು.

ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಸ್ಕೂಟರ್ ಮುಟ್ಟಿಲ್ಲ. ಇನ್ನು ಓಡಿಸಬಹುದು ಎಂದು ಡಾಕ್ಟರ್ ಹೇಳಿ ಬಹಳ ದಿನವಾಯಿತು. ಅಪ್ಪ ಮಾತ್ರ ಬಸ್ಸಿನಲ್ಲೇ ಹೋಗಿ ಬರುತ್ತಾರೆ. "ಡಾಕ್ಟರ್ ಹೇಳ್ಬುಟ್ರೆ ಆಯ್ತಾ? ನನ್ ಕಣ್ಣು ಹೇಳ್ಬೇಕಲ್ಲ."

ಆ ಕಣ್ಣಿನ ಅಭಿಪ್ರಾಯ ಕೇಳಲು ಅವರಿಗೆ ಸಿಕ್ಕಿದ್ದು ಈ ಗೇಮ್. ಇಲ್ಲಿ ಗುದ್ದಿದರೆ ಯಾರಿಗೂ ಪೆಟ್ಟಾಗುವುದಿಲ್ಲವಲ್ಲ. ಬಿಸಿಲಿನ ರಸ್ತೆಯಲ್ಲಿ ಚೆನ್ನಾಗೇ ಓಡಿಸಿದರು. ತಿರುವಿನಲ್ಲಿ "ಹಾರ್ನ್ ಎಲ್ಲೈತೆ?" ಅಂತ ಹುಡುಕಿದರು. ಸುರಂಗ ಬಂದ ಕೂಡಲೇ ಎಲ್ಲ ಮುಗಿಯಿತು. ಪ್ರತಿ ಸಲವೂ ಅಷ್ಟೇ.

ಕಂಟ್ರೋಲರನ್ನು ಮೆಲ್ಲಗೆ ಟೀಪಾಯಿ ಮೇಲಿಟ್ಟರು. "ಬುಡು ಪುಟ್ಟಿ. ಉದಯಗಿರಿ ಮೆಕ್ಯಾನಿಕ್ ಸ್ಕೂಟರ್ ಕೇಳ್ತಾವ್ನೆ, ಕೊಟ್ಬುಡ್ತೀನಿ."

ನಾನು ಕನ್ನಡ ಎಂ.ಎ. ಓದಿದವಳು. ಆದರೂ ಎದುರಿಗಿರುವವರಿಗೆ ಸಮಾಧಾನ ಹೇಳಬೇಕಾದರೆ ಒಂದು ವಾಕ್ಯವೂ ಕೈಗೆ ಸಿಗುವುದಿಲ್ಲ. ಕೈಗೆ ಸಿಕ್ಕಿದ್ದು ರಿಮೋಟ್.

ಪಿಕ್ಚರ್ ಮೋಡ್ 'ವಿವಿಡ್' ಇತ್ತು. ಸೀರಿಯಲ್‌ನವರ ಒಡವೆ ಚೆನ್ನಾಗಿ ಕಾಣುತ್ತವೆ ಎಂದು ಅಮ್ಮ ಇಟ್ಟುಕೊಂಡದ್ದು. ಅದನ್ನು 'ಗೇಮ್' ಮಾಡಿದೆ. ಕಂಟ್ರೋಲರಿನ ಬಟನ್ ಒತ್ತಿದರೆ ಕಾರು ಮೊದಲಿನಂತೆ ತಡಮಾಡದೆ ತಕ್ಷಣ ತಿರುಗತೊಡಗಿತು, ಅಷ್ಟು ಲಾಭ. ಬ್ರೈಟ್‌ನೆಸ್ ಪೂರ್ತಿ ಏರಿಸಿದೆ. ಸುರಂಗ ಹಾಗೇ ಕತ್ತಲು.

ಕನ್ಸೋಲಿನಲ್ಲಿ ಕತ್ತಲು, ಬೆಳಕು ಹೊಂದಿಸುವ ಎಚ್‌ಡಿಆರ್ ಸೆಟ್ಟಿಂಗ್‌ಗೆ ಹೋದೆ. ಕಪ್ಪು ಪರದೆಯ ಮೇಲೆ ಒಂದು ಗುರುತು ಇರುತ್ತದಂತೆ, ಅದು ಮಸುಕಾಗಿ ಕಾಣುವಲ್ಲಿಗೆ ನಿಲ್ಲಿಸಬೇಕಂತೆ.

"ಯಾವ್ ಗುರುತು?" ಅಪ್ಪನ ದನಿ ಸಣ್ಣದಾಗಿತ್ತು.

ಕನ್ನಡಕ ಒರೆಸಿಕೊಂಡು ನೋಡಿದೆ. ಮತ್ತೆ ಒರೆಸಿದೆ... "ಅಪ್ಪ, ನಂಗೂ ಕಾಣ್ತಿಲ್ಲ."

"ನನ್ ಸಮಾಧಾನಕ್ಕೆ ಸುಳ್ ಹೇಳ್ಬೇಡ ಕಣಮ್ಮ."

ಟಿವಿಯ ಮೆನುವನ್ನು ಕೊನೆಯವರೆಗೂ ಓದಿದೆ. ಓದುವುದೊಂದು ನನಗೆ ಬರುತ್ತದೆ. ಅಲ್ಲೊಂದು ಸಾಲು: ಕೋಣೆಯ ಬೆಳಕು ನೋಡಿಕೊಂಡು ಟಿವಿ ತಾನೇ ಹೊಳಪು ಬದಲಿಸುತ್ತದೆ. ಆನ್ ಆಗಿತ್ತು. ಅಂದರೆ ಕೋಣೆ ಕತ್ತಲಾದರೆ ಟಿವಿಯೂ ಮಂಕು. ಆದರೆ ಭಾನುವಾರದ ಮಧ್ಯಾಹ್ನ, ಕಿಟಕಿ ತುಂಬ ಬಿಸಿಲು.

ಅದನ್ನು ಆಫ್ ಮಾಡಿದ್ದರೂ ಸಾಕಿತ್ತೋ ಏನೋ. ನನಗೆ ಕುತೂಹಲ. ನೋಡಿಕೊಂಡು ಅಂದರೆ, ಎಲ್ಲಿಂದ ನೋಡುತ್ತದೆ? ಕಣ್ಣೊಂದು ಇರಬೇಕಲ್ಲ.

ಟಿವಿ ಮುಂದೆ ಮಂಡಿಯೂರಿ ಹುಡುಕಿದೆ. ಪರದೆಯ ಕೆಳಗೆ, ಅಂಚಿನ ನಟ್ಟನಡುವೆ... ಆಯುಧಪೂಜೆಯ ಬೊಟ್ಟು. ಗಂಧ ಬಳಿದು, ಅದರ ಮೇಲೆ ಕುಂಕುಮ ಒತ್ತಿ, ಒಣಗಿ ಕಲ್ಲಾದದ್ದು.

ಆಯುಧಪೂಜೆಯ ದಿನ ನಮ್ಮಮ್ಮ ಮಿಕ್ಸಿ, ಫ್ರಿಜ್ಜು, ನನ್ನ ಲ್ಯಾಪ್‌ಟಾಪು, ಯಾವುದನ್ನೂ ಬಿಡುವವಳಲ್ಲ. ಇಟ್ಟ ಬೊಟ್ಟನ್ನು ಯಾರೂ ಒರೆಸುವಂತಿಲ್ಲ. ತಾನಾಗೇ ಉದುರಬೇಕು. ಸೀರಿಯಲ್‌ಗಳು ಹೇಗೂ ಝಗಮಗ, ಟಿವಿ ಮಂಕಾದದ್ದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ನನಗೆ ನಗು ಹತ್ತಿಕೊಂಡಿತು. ಹೇಳೋಣವೆಂದರೆ ಮಾತು ಬರುತ್ತಿಲ್ಲ, ನೆಲದ ಮೇಲೆ ಕೂತು ಬರೀ ಬೆರಳು ತೋರಿಸುತ್ತಿದ್ದೇನೆ. ಅಪ್ಪ ಬಗ್ಗಿ ನೋಡಿದರು. ಮೆನುವಿನ ಆ ಸಾಲನ್ನು ನಿಧಾನವಾಗಿ ಓದಿದರು. ಮತ್ತೆ ಬಗ್ಗಿ ನೋಡಿದರು.

"ಏ ಇವ್ಳೇ, ಬಾ ಇಲ್ಲಿ. ಟಿವಿ ಕಣ್ಣಿಗೇ ಬೊಟ್ಟಿಟ್ಟಿದ್ದೀಯಲ್ಲೇ."

ಅಮ್ಮ ಸೌಟು ಹಿಡಿದೇ ಬಂದಳು. "ಟಿವಿಗೆ ಕಣ್ಣೈತೆ ಅಂತ ನಂಗೇನ್ ಗೊತ್ತು? ಹಣೆ ಥರ ಕಾಣ್ತು, ಇಟ್ಟೆ."

"ಒರೆಸು."

"ಪೂಜೆ ಕುಂಕುಮ ಕಣ್ರೀ. ಒರೆಸ್ಬಾರ್ದು."

"ಹಂಗಾದ್ರೆ ಅದು ಉದುರೋಗಂಟ ನಾನು ಬಸ್ಸಲ್ಲೇ ಓಡಾಡ್ಲಾ?"

ಅಮ್ಮ ಒಂದು ಗಳಿಗೆ ಅಪ್ಪನನ್ನೇ ನೋಡಿದಳು. ಸೌಟನ್ನು ನನ್ನ ಕೈಗೆ ಕೊಟ್ಟು, ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದು, ಏನೋ ಗೊಣಗಿಕೊಂಡು, ಕಣ್ಣು ಮುಚ್ಚಿ ಒರೆಸಿದಳು.

ಪರದೆಗೆ ಮೆಲ್ಲಗೆ ಬೆಳಗಾಯಿತು.

"ಗುರುತು ಕಾಣ್ತು," ಅಂದರು ಅಪ್ಪ. ನನಗಿಂತ ಮೊದಲು.

ಆಮೇಲೆ ಕಾರು ಸುರಂಗದೊಳಗೆ ಹೋಯಿತು, ಆಚೆ ತುದಿಯಿಂದ ಹೊರಗೂ ಬಂತು. ನಾನು ಸೌಟು ಹಿಡಿದು ಕುಣಿಯುತ್ತಿದ್ದೇನೆ, ಅಮ್ಮ ಚಪ್ಪಾಳೆ ತಟ್ಟುತ್ತಿದ್ದಾಳೆ. ರೇಸಿನಲ್ಲಿ ಅಪ್ಪನದು ಕೊನೆಯ ಸ್ಥಾನ. "ಪೊರೆ ಬಂದಿದ್ದು ನಂಗಲ್ಲ ಕಣೇ, ಇದಕ್ಕೆ" ಅಂತ ಟಿವಿಯ ತಲೆ ಸವರಿದರು.

ಅಮ್ಮ ಹೊಸ ಬೊಟ್ಟನ್ನು ಟಿವಿಯ ಹಿಂಬದಿಗೆ ಇಟ್ಟಳು. ಕನ್ಸೋಲಿಗೂ ಇಡಲು ಬಂದಳು... ನಾನು ಅಡ್ಡ ಕೂತೆ.

ಇವತ್ತು ಬೆಳಿಗ್ಗೆ ಅಪ್ಪ ಸ್ಕೂಟರಿನ ಹೊದಿಕೆ ತೆಗೆದರು. ಹೆಡ್‌ಲೈಟಿನ ಮೇಲಿದ್ದ ಬೊಟ್ಟನ್ನು, ಅಮ್ಮ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಕರ್ಚೀಫಿನಲ್ಲಿ ಒರೆಸಿದರು. ನಾನು ಹಿಂದೆ ಕೂತೆ.

ಮಂಡಿ ಮೊಹಲ್ಲಾದಲ್ಲಿ ಒಂದು ಲಾರಿ ರಿವರ್ಸ್ ಬರುತ್ತಿತ್ತು, ಪಕ್ಕದಲ್ಲಿ ಈರುಳ್ಳಿ ಗಾಡಿ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಂಗಡಿ ಮುಂದಿದ್ದೆವು. ಅಪ್ಪ ಕಾಲು ಎಲ್ಲೂ ತಾಗಿಸಲಿಲ್ಲವಂತೆ, ಅವರೇ ಹೇಳಿದರು.

ಅಂದಹಾಗೆ, ನಿಮ್ಮನೆ ಟಿವಿಗೆ ಬೊಟ್ಟು ಎಲ್ಲಿಟ್ಟಿದ್ದಾರೆ? ಒಂದ್ಸಲ ಬಗ್ಗಿ ನೋಡಿ ಹೇಳ್ತೀರಾ?