ನಾನು ಹುಲ್ಲಾಗಿ ನಿಂತ ಶ್ರಾವಣ

ಆಗೆಲ್ಲ ಕಾತ್ರಜದ ಗುಡ್ಡಕ್ಕೆ ಬೇಲಿ ಇರಲಿಲ್ಲ. ನಮ್ಮ ಕನ್ನಡ ಶಾಲೆಯ ಹಿಂದಿನ ಮುರುಕು ಗೋಡೆ ದಾಟಿದರೆ ಗುಡ್ಡವೇ ಶುರು. ಶ್ರಾವಣದಲ್ಲಿ ಅದು ಬುಡದಿಂದ ನೆತ್ತಿಯವರೆಗೆ ಹಸಿರಾಗುತ್ತಿತ್ತು. ಸಾತಾರಾ ಕಡೆ ಹೋಗುವ ಬಸ್ಸುಗಳು ಎಷ್ಟೇ ಹೊಗೆ ಉಗುಳಲಿ, ಒದ್ದೆ ಹುಲ್ಲಿನ ವಾಸನೆ ಕಿಟಕಿಯಿಂದ ಒಳಗೆ ಬಂದೇ ಬರುತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಶೇಂಗಾ ಚಟ್ನಿಯ ವಾಸನೆಯೂ ಅದರ ಜೊತೆ ಕಲೆಯುತ್ತಿತ್ತು. ಮನೆಯಲ್ಲಿ ವಿಜಾಪುರದ ಮಾತು, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಪುಸ್ತಕದ ಕನ್ನಡ. ಪುಣೆಯಲ್ಲಿ ಬೆಳೆದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಏಳನೆಯ ಇಯತ್ತೆ, ತಮ್ಮ ವಿನಾಯಕ ಎರಡನೆಯದು. ಅವನನ್ನು ಯಾರೂ ವಿನಾಯಕ ಎನ್ನುತ್ತಿರಲಿಲ್ಲ, ವಿನ್ಯಾ ಅಷ್ಟೇ. ನನ್ನ ಹೆಸರು ಶಾರದಾ, ಆದರೆ ಹುಡುಗರ ಬಾಯಲ್ಲಿ ಗುಂಡಕ್ಕ. ಮೈಕಟ್ಟು ಹಾಗಿತ್ತು, ಏನು ಮಾಡಲಿ?

ವಿಜ್ಞಾನ ಕಲಿಸುತ್ತಿದ್ದ ನಾಗರತ್ನ ಟೀಚರ್ ಮೈಸೂರು ಕಡೆಯವರು. ಅವರು ಹಲಗೆಯ ಮೇಲೆ ಒಂದು ತ್ರಿಕೋನ ಬರೆದು, ಕೆಳಗೆ ಉತ್ಪಾದಕರು, ಮೇಲೆ ಭಕ್ಷಕರು, ತುದಿಯಲ್ಲಿ ಒಬ್ಬನೇ ದೊಡ್ಡ ಭಕ್ಷಕ ಎಂದರು. ನಾವು ಹೂಂ ಅಂದೆವು. ಪ್ರಶ್ನೆ ಕೇಳಿದರೆ ಮಾತ್ರ ಎಲ್ಲರೂ ಪುಸ್ತಕದ ಹಾಳೆ ಮಗುಚತೊಡಗಿದೆವು. ಅವರಿಗೆ ರೇಗಿತು. “ಪುಸ್ತಕ ಮುಚ್ಚಿ. ಏಳಿ ಎಲ್ಲಾರೂ,” ಎಂದು ಗುಡ್ಡಕ್ಕೆ ಕರೆದುಕೊಂಡು ಹೋದರು.

ಅಲ್ಲಿ ನಮ್ಮನ್ನೆಲ್ಲ ಹೊಟ್ಟೆಯ ಮೇಲೆ ಮಲಗಿಸಿದರು. ಮೂಗಿನ ಮುಂದೆ ಕಾಣುವ ಕರವಸ್ತ್ರದಷ್ಟು ಜಾಗ ನಿಮ್ಮದು, ಅಲ್ಲಿ ಯಾರ್ಯಾರು ಇದ್ದಾರೆ ನೋಡಿ ಎಂದರು. ನನ್ನ ಜಾಗದಲ್ಲಿ ಹುಲ್ಲೇ ಹುಲ್ಲು. ಎಷ್ಟೋ ಹೊತ್ತಿನ ಮೇಲೆ ಒಂದು ಮಿಡತೆ ಹಾರಿ ಬಂದು ಎಸಳನ್ನು ಅಂಚಿನಿಂದ ಕಚ್ಚತೊಡಗಿತು. ನಾನು ಉಸಿರು ಬಿಗಿಹಿಡಿದು ನೋಡಿದೆ. ಮೇಲೆ ಆಕಾಶದಲ್ಲಿ ಒಂದೇ ಒಂದು ಗಿಡುಗ ಸುತ್ತು ಹಾಕುತ್ತಿತ್ತು.

“ಆ ಒಂದು ಗಿಡುಗಕ್ಕೆ ಎಷ್ಟು ಮಿಡತೆ ಬೇಕು? ಅಷ್ಟು ಮಿಡತೆಗೆ ಎಷ್ಟು ಹುಲ್ಲು ಬೇಕು?” ಎಂದು ಟೀಚರ್ ಕೇಳಿದರು.

ನಮ್ಮ ತರಗತಿಯ ಬಸ್ಯಾ ಎದ್ದು ನಿಂತ. ಗೋಕುಲಾಷ್ಟಮಿಗೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಮೊಸರುಗಡಿಗೆ ಒಡೆಯುವ ಓಣಿಯ ದಹಿಹಂಡಿ ಮಂಡಳದಲ್ಲಿ ಸೇರಿಕೊಂಡಿದ್ದ ಅವನ ಹೆಗಲು ಶ್ರಾವಣವಿಡೀ ಕಂದಿರುತ್ತಿತ್ತು. “ಟೀಚರ್, ಇದು ದಹಿಹಂಡಿ ಇದ್ದಂಗ ಅದ ನೋಡ್ರಿ. ಮ್ಯಾಲ ಒಬ್ಬ ಹತ್ತಬೇಕಂದ್ರ ಕೆಳಗ ಭಾಳ ಮಂದಿ ನಿಲ್ಲಬೇಕ್ರಿ.”

ಟೀಚರ್ ಮುಖ ಅರಳಿತು. ಅದೇ ಉಮೇದಿನಲ್ಲಿ ಒಂದು ಕಲ್ಲು ಮಗುಚಿ ಕೆಳಗಿದ್ದ ಎರೆಹುಳು, ಗೆದ್ದಲು, ಬಿಳಿ ಬೂಷ್ಟು ತೋರಿಸಿದರು. ಇವರು ವಿಘಟಕರು, ಸತ್ತದ್ದನ್ನೆಲ್ಲ ಮಣ್ಣು ಮಾಡುವವರು ಎಂದರು. ತ್ರಿಕೋನದಲ್ಲಿ ಇವರು ಎಲ್ಲಿ ಎಂದು ಯಾರೋ ಕೇಳಿದಾಗ ಮಾತ್ರ ತಡವರಿಸಿದರು. ಪುಸ್ತಕದ ಚಿತ್ರದಲ್ಲಿ ಅವರಿಗೆ ಜಾಗವೇ ಇರಲಿಲ್ಲ.

“ಹೊರಗ ಒಂದು ಸುತ್ತ ನಿಂದರಸ್ರಿ,” ಎಂದ ಬಸ್ಯಾ. “ನಮ್ಮ ಮಂಡಳದಾಗ ಹಂಗ ನಿಲ್ಲತಾರ. ಕೆಳಗಿನವರ ಬೆನ್ನಿಗೆ ಕೈ ಕೊಡತಾರ, ಬಿದ್ದರ ಹಿಡೀತಾರ.”

ಪಾಲಕರ ಸಭೆಯ ದಿನ ನಮ್ಮ ತರಗತಿ ಏನು ಮಾಡಿ ತೋರಿಸಬೇಕೆಂಬುದು ಆ ಗುಡ್ಡದ ಮೇಲೆಯೇ ತೀರ್ಮಾನವಾಯಿತು. ಕೆಳಗೆ ವೃತ್ತವಾಗಿ ಹುಲ್ಲು, ಅದರ ಹೆಗಲ ಮೇಲೆ ಮಿಡತೆಗಳು, ಅವುಗಳ ಮೇಲೆ ಓತಿಕ್ಯಾತ, ಎಲ್ಲಕ್ಕೂ ಮೇಲೆ ಗಿಡುಗ. ಹೆಡ್ ಮಾಸ್ತರರು ಮೂರಕ್ಕಿಂತ ಹೆಚ್ಚು ಅಂತಸ್ತು ಕೂಡದು ಎಂದದ್ದರಿಂದ ಓತಿಕ್ಯಾತ ಹೋಯಿತು. ಆ ಪಾತ್ರ ಬಸ್ಯಾನದು. ಸುತ್ತ ನಿಲ್ಲುವ ವಿಘಟಕರ ಜೊತೆ ಅವನನ್ನೂ ಎರೆಹುಳು ಮಾಡಿ ಗೋಣಿಚೀಲ ತೊಡಿಸಿದರು. ಎರಡು ದಿನ ಅವನು ಮುಖ ಊದಿಸಿಕೊಂಡೇ ತಿರುಗಿದ.

ಹುಲ್ಲು ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಗಿಡುಗಕ್ಕೆ ಮಾತ್ರ ಹಗುರವಾದ ಹುಡುಗ ಬೇಕಾಗಿತ್ತು. ಟೀಚರ್ ಸಣ್ಣ ತರಗತಿಗಳಲ್ಲಿ ಹುಡುಕಿ ಆರಿಸಿದ್ದು ನಮ್ಮ ವಿನ್ಯಾನನ್ನು.

ಅವ್ವ ಸುತರಾಂ ಒಪ್ಪಲಿಲ್ಲ. ಬೇಸಿಗೆಯಲ್ಲಿ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದ ಅವನ ಪ್ಲಾಸ್ಟರ್ ಬಿಚ್ಚಿ ಬಹಳ ದಿನವಾಗಿರಲಿಲ್ಲ. ಆ ಎಲುಬು ಮತ್ತೆ ಮುರಿದರೆ ಕೈ ಸೊಟ್ಟಾಗುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು.

“ಸೊಟ್ಟ ಕೈ ಇಟಗೊಂಡು ಜಲ್ಮ ಕಳೀಲೇನು ಅಂವ?” ಎಂದು ಅವ್ವ ಬೈದಳು. ವಿನ್ಯಾ ರೊಟ್ಟಿ ಮುಟ್ಟಲಿಲ್ಲ. ರಾತ್ರಿಯೂ ಮುಟ್ಟಲಿಲ್ಲ. ಕೊನೆಗೆ ಅವ್ವ ನನ್ನ ಕಡೆ ತಿರುಗಿದಳು.

“ಕೆಳಗ ನೀ ನಿಲ್ಲತೀಯೇನ?”

“ಹೂಂ.”

“ಹಂಗಾರ ಹೋಗಲಿ. ಅಂವ ಬಿದ್ದರ ನಾ ನಿನ್ನ ಕೇಳತೀನಿ, ನೋಡು.”

ಹೇಳಿದ್ದು ಇಷ್ಟೇ. ವಿನ್ಯಾ ಕುಣಿದಾಡಿ ಎರಡು ರೊಟ್ಟಿ ತಿಂದ. ಅಂದಿನಿಂದ ಶಾಲೆಗೆ ಹೋಗುವ ದಾರಿಯಲ್ಲೂ ನಾನು ಅವನ ಆ ಕೈಯನ್ನೇ ನೋಡುತ್ತ ನಡೆಯುತ್ತಿದ್ದೆ. ಪ್ಲಾಸ್ಟರಿನೊಳಗಿದ್ದ ಅದು ಇನ್ನೊಂದು ಕೈಗಿಂತ ತೆಳ್ಳಗಾಗಿತ್ತು.

ತಾಲೀಮಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ನಾವು ಹುಲ್ಲಿನವರು ಒಳಮುಖವಾಗಿ ನಿಂತು ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕುತ್ತಿದ್ದೆವು. ನನ್ನ ಎಡಕ್ಕೆ ಸಂಗೀತಾ. ಮೇಲೆ ಏನು ನಡೆಯುತ್ತಿದೆ ಎಂದು ನಮಗೆ ಕಾಣುತ್ತಿರಲಿಲ್ಲ, ತಲೆ ಎತ್ತಿದರೆ ಕುತ್ತಿಗೆಗೆ ಮಿಡತೆಯ ಹಿಮ್ಮಡಿ. ಕಾಣುವುದು ಎದುರಿನವರ ಬೆವೆತ ಮುಖ ಮಾತ್ರ. ಆದರೆ ಬೆನ್ನ ಹಿಂದೆ ಗೋಣಿಚೀಲದ ಹುಡುಗರು ಅಂಗೈ ಒತ್ತಿ ನಿಂತಿರುತ್ತಿದ್ದರು. ಅದೊಂದು ದೊಡ್ಡ ಧೈರ್ಯ.

ಸಭೆಯ ದಿನ ಬೆಳಿಗ್ಗೆ ಮಳೆ ಬಂದು ಅಂಗಳ ಕೆಸರಾಯಿತು. ಸಿಪಾಯಿ ಅದರ ಮೇಲೆ ನೀಲಿ ತಾಡಪತ್ರಿ ಹಾಸಿದ. ಪಾಲಕರು ಕುರ್ಚಿಗಳಲ್ಲಿ ಕೂತರು. ಎರಡನೆಯ ಸಾಲಿನಲ್ಲಿ ಅವ್ವ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು. ನಾವು ಹಸಿರು ಕಾಗದ ಸುತ್ತಿಕೊಂಡು ವೃತ್ತ ಕಟ್ಟಿದೆವು, ಹಿಂದೆ ಗೋಣಿಚೀಲದವರು ಬಂದು ನಿಂತರು. ಅಷ್ಟರಲ್ಲಿ ಹೆಡ್ ಮಾಸ್ತರರ ಧ್ವನಿ ಕೇಳಿತು.

“ಏ, ಆ ಚೀಲದವ್ರು ಅತ್ತಾಗ ಸರೀರಿ. ಹಿಂಗ ಸುತ್ತುವರಿದು ನಿಂತರ ಮಂದಿಗೆ ಏನ ಕಾಣಬೇಕು?”

“ಸಾರ್, ಅವರು ಬೇಕು ಸಾರ್,” ಎಂದರು ಟೀಚರ್.

“ಪುಸ್ತಕದ ಚಿತ್ರದಾಗ ಅವರಿಲ್ಲಲ್ರಿ? ಬದಿಗೆ ನಿಂದರಲಿ. ಶುರು ಮಾಡ್ರಿ, ತಡಾ ಆಗ್ತದ.”

ಟೀಚರ್ ಹೊಸದಾಗಿ ಕೆಲಸಕ್ಕೆ ಸೇರಿದವರು, ಎದುರಿಗೆ ಇಷ್ಟೊಂದು ಜನ. ಮೈಕು ತೆಗೆದುಕೊಂಡರು. ನನ್ನ ಬೆನ್ನ ಮೇಲಿನ ಕೈಗಳು ಹೊರಟುಹೋದವು. ಅಲ್ಲಿ ತಣ್ಣಗೆ ಗಾಳಿ ಬಡಿಯಿತು.

ಮಿಡತೆಗಳು ಹತ್ತಿದವು. ಹೆಗಲು ಬಿಗಿಯಿತು. ಆಮೇಲೆ ವಿನ್ಯಾ ನನ್ನ ಮೊಣಕಾಲು, ನನ್ನ ತೋಳು ತುಳಿದುಕೊಂಡು ಮೇಲೆ ಹೋದ. ಅವನ ಪಾದದ ಬಿಸಿಯಿಂದಲೇ ಗೊತ್ತಾಯಿತು ನನಗೆ. ಜನ ಚಪ್ಪಾಳೆ ಹೊಡೆದರು. “ನೋಡಿ, ಗಿಡುಗ ಎಷ್ಟು ಎತ್ತರದಲ್ಲಿದೆ,” ಎಂದು ಟೀಚರ್ ಮೈಕಿನಲ್ಲಿ ಹೇಳುತ್ತಿದ್ದರು. “ಈಗ ಮಳೆ ಬರಲಿಲ್ಲ ಅಂದುಕೊಳ್ಳಿ...” ಮಳೆ ಬರಲಿಲ್ಲ ಎಂದ ಕೂಡಲೇ ನಾವು ಮೆಲ್ಲಗೆ ಬಾಗಬೇಕು, ಮೇಲಿನವರು ಒಬ್ಬೊಬ್ಬರಾಗಿ ಇಳಿಯಬೇಕು. ಆದರೆ ಬಾಗುವ ಮೊದಲೇ ತಾಡಪತ್ರಿ ಸರಿಯಿತು.

ಸಂಗೀತಾಳ ಕಾಲು ಜಾರಿ ಅವಳ ಕೈ ನನ್ನ ಹೆಗಲಿನಿಂದ ಕಿತ್ತುಬಂತು. ವೃತ್ತ ಬಾಯಿ ಬಿಟ್ಟಿತು. ಅವಳ ಮೇಲಿದ್ದ ಮಿಡತೆ ನನ್ನ ಕಡೆ ವಾಲಿತು, ಎರಡಾಳಿನ ಭಾರ ನನ್ನೊಬ್ಬಳ ಮೇಲೆ. ಮೈಕು ಗಪ್ಪಾಯಿತು. ಆ ಮೌನದಲ್ಲಿ ಕೇಳಿದ್ದು ವಿನ್ಯಾನ ಧ್ವನಿ ಒಂದೇ: “ಕ್ರೀ! ಕ್ರೀ!” ಆ ಮಹಾರಾಯ ಮೇಲೆ ಎರಡೂ ಕೈ ಬಿಟ್ಟು ರೆಕ್ಕೆ ಬಡಿಯುತ್ತಿದ್ದ! ಕೆಳಗೆ ನಾವು ಸಾಯುತ್ತಿದ್ದೇವೆಂದು ಅವನಿಗೇನು ಗೊತ್ತು? ಆ ಅಲುಗಾಟವೂ ಆಟದ್ದೇ ಎಂದುಕೊಂಡಿದ್ದ.

ನನಗೆ ಕಾಣುತ್ತಿದ್ದದ್ದು ಅವನ ತೆಳ್ಳನೆಯ ಕೈ ಮಾತ್ರ, ಅದೂ ಕಣ್ಣು ಮುಚ್ಚಿದಾಗ. ಎಡಗಾಲು ಒಂದು ಗೇಣು ಸರಿಯಿತು. ಇನ್ನಾಗದು ಅನ್ನಿಸಿತು.

ಆಗ ಬೆನ್ನಿಗೆ ಎರಡು ಅಂಗೈ ಬಂದು ಒತ್ತಿದವು. ಸಣ್ಣ ಕೈಗಳು, ತಣ್ಣಗಿದ್ದವು, ಒಂದಕ್ಕೆ ಕೆಸರು ಮೆತ್ತಿತ್ತು. ಗೋಣಿಚೀಲದವರು ಯಾರ ಅಪ್ಪಣೆಗೂ ಕಾಯದೆ ಓಡಿ ಬಂದಿದ್ದರು. ಎಡಕ್ಕೆ, ಜಾರಿದ ಸಂಗೀತಾಳ ಜಾಗಕ್ಕೆ ಬಸ್ಯಾ ಹೆಗಲು ಕೊಟ್ಟು ಕೂಗಿದ: “ಶಾರಕ್ಕ, ಬಗ್ಗಬ್ಯಾಡ! ಮೊಣಕಾಲ ಗಟ್ಟಿ ಹಿಡಿ! ಏ, ಸಾವಕಾಶ ಇಳಸ್ರಿ ಅವನ್ನ!”

ಅವನು ನನ್ನನ್ನು ಗುಂಡಕ್ಕ ಅನ್ನದೆ ಕರೆದದ್ದು ಅದೇ ಮೊದಲು. ಹಿಂದಿನ ಕೈಗಳು ಎಷ್ಟು ಒತ್ತಿದವೋ ನಾನು ಅಷ್ಟು ನಿಂತೆ. ವಿನ್ಯಾ ಮಿಡತೆಗಳ ನಡುವೆ ಜಾರುತ್ತ ಜಾರುತ್ತ ಬಂದು ಗೋಣಿಚೀಲದ ತೋಳುಗಳಲ್ಲಿ ಬಿದ್ದ. “ಯಾಕ ಇಳಸಿದ್ರಿ? ನಾ ಇನ್ನಾ ಹಾರಾಂವ ಇದ್ದೆ!” ಎಂದು ಜಗಳ ತೆಗೆದ.

ಜನ ಜೋರಾಗಿ ಚಪ್ಪಾಳೆ ತಟ್ಟಿದರು, ಎಲ್ಲ ಬೇಕೆಂದೇ ಮಾಡಿದ್ದು ಎಂದು ತಿಳಿದು. ಅವ್ವ ಮಾತ್ರ ತಟ್ಟಲಿಲ್ಲ. ಕೆಸರು ತುಳಿದುಕೊಂಡು ನೇರ ಬಂದಳು. ವಿನ್ಯಾನನ್ನು ದಾಟಿ ಬಂದಳು. ನನ್ನ ಹೆಗಲ ಮೇಲಿನ ಹಸಿರು ಕಾಗದ ಸರಿಸಿ, ಕೆಂಪಗೆ ಮೂಡಿದ್ದ ಹಿಮ್ಮಡಿಯ ಗುರುತು ನೋಡಿ, “ಭಾಳ ನೋಯ್ತದೇನವಾ?” ಎಂದಳು. ಅಲ್ಲಿಯತನಕ ಗಟ್ಟಿಯಾಗಿದ್ದ ನಾನು ಗೊಳೋ ಎಂದು ಅತ್ತೆ. ನಮ್ಮ ಮನೆಯಲ್ಲಿ ಯಾರ ಕಣ್ಣಾದರೂ ಮೊದಲು ಹೋಗುತ್ತಿದ್ದದ್ದು ಅವನ ಕಡೆಗೇ. ನನಗೆ ಅದರ ಸಿಟ್ಟು ಇತ್ತೆಂದು ನನಗೇ ಗೊತ್ತಾದದ್ದು ಆಗ.

ಸೋಮವಾರ ಟೀಚರ್ ಹಲಗೆಯ ಮೇಲೆ ಮತ್ತೆ ಅದೇ ತ್ರಿಕೋನ ಬರೆದರು. ಗೋಣಿಚೀಲದವರನ್ನು ಸರಿಯಗೊಟ್ಟದ್ದಕ್ಕೆ ಅತ್ತಿದ್ದರೇನೋ, ಅವರ ಕಣ್ಣು ಇನ್ನೂ ಊದಿಕೊಂಡಿತ್ತು. ತ್ರಿಕೋನದ ಸುತ್ತ ಒಂದು ವೃತ್ತ ಎಳೆದು ವಿಘಟಕರು ಎಂದು ಬರೆದರು. “ಇದು ಪುಸ್ತಕದಲ್ಲಿಲ್ಲ, ಬರ್ಕೊಳ್ಳಿ. ಹುಲ್ಲು ಸತ್ತರೂ ಗಿಡುಗ ಸತ್ತರೂ ಅದನ್ನ ಮಣ್ಣು ಮಾಡಿ ಮತ್ತೆ ಹುಲ್ಲಿಗೆ ಕೊಡೋರು ಇವರೇ.” ಆ ಪಾಠ ಆಮೇಲೆ ನಮಗೆ ಯಾರಿಗೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಈಗ ಗುಡ್ಡದ ಬುಡಕ್ಕೆ ತಗಡಿನ ಬೇಲಿ, ಬೇಲಿಯ ಈಚೆ ಎತ್ತರದ ಕಟ್ಟಡಗಳು. ಅದರಲ್ಲೊಂದು ನಮ್ಮದೂ. ಮಕ್ಕಳು ಸಾಲದೆ ಶಾಲೆ ಮುಚ್ಚಿತು, ಅಂಗಳದಲ್ಲಿ ಕಾರು ನಿಲ್ಲುತ್ತವೆ. ನನ್ನ ಮಗಳು ಅದೇ ಪಿರಮಿಡ್ಡನ್ನು ಪರದೆಯ ಮೇಲೆ ಕಲಿಯುತ್ತಾಳೆ, ಬೆರಳಿನಿಂದ ಗಿರ್ರನೆ ತಿರುಗಿಸುತ್ತಾಳೆ. ಯಾರ ಹೆಗಲೂ ಕಂದುವುದಿಲ್ಲ, ಒಳ್ಳೆಯದೇ. ವಿನ್ಯಾ ರಾಂಜಣಗಾಂವದ ಕಾರ್ಖಾನೆಯಲ್ಲಿದ್ದಾನೆ, ಕೈ ನೆಟ್ಟಗಿದೆ. ಅವನಿಗೆ ನೆನಪಿರುವುದು ಹಾರಿದ್ದು ಮಾತ್ರ. ಅವ್ವ ಹೋಗಿ ಕೆಲವು ವರ್ಷಗಳಾದವು.

ನನ್ನ ಬೆನ್ನಿಗೆ ಕೈ ಕೊಟ್ಟವರು ಯಾರು ಎಂಬುದು ಮಾತ್ರ ನನಗೆ ಇವತ್ತಿಗೂ ತಿಳಿಯದು. ಒಳಮುಖವಾಗಿ ನಿಂತಿದ್ದೆ. ಅತ್ತು ಮುಗಿಸಿ ತಿರುಗುವಷ್ಟರಲ್ಲಿ ಎಲ್ಲ ಗೋಣಿಚೀಲಗಳೂ ಒಂದೇ ಥರ ಕಂಡವು. ಎಲ್ಲರೂ ಇಲ್ಲೇ ಇರುತ್ತಾರಲ್ಲ, ನಾಳೆ ಕೇಳಿದರಾಯಿತು ಅಂದುಕೊಂಡೆ.